ಹಾಡನ್ನು ಬೈಯುವ ಮೊದಲು ನಲ್ಲಿ ಎಣಿಸಿ

ಮಾನ್ಯ ಸಂಪಾದಕರೇ,

ಕೆಲವು ದಿನಗಳಿಂದ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಅಮೆರಿಕದ ಒಂದು ಸಂಗೀತ ಉತ್ಸವದ ಸಾಕ್ಷ್ಯಚಿತ್ರದ ಬಗ್ಗೆ ಜಗಳ ನಡೆದಿದೆ. 1999ರ ಜುಲೈಯಲ್ಲಿ ನ್ಯೂಯಾರ್ಕ್ ರಾಜ್ಯದ ರೋಮ್ ಎಂಬ ಊರಲ್ಲಿ ನಡೆದ ವುಡ್‌ಸ್ಟಾಕ್ '99 ಉತ್ಸವದ ಕಥೆ ಅದು. ನೆಟ್‌ಫ್ಲಿಕ್ಸ್‌ನಲ್ಲಿ 2022ರಲ್ಲಿ ಮೂರು ಕಂತಾಗಿ ಬಂತು, ಹೆಸರು ‘ಟ್ರೈನ್‌ರೆಕ್’. ಮೂರು ದಿನದ ಆ ಉತ್ಸವ ಕೊನೆಗೆ ಬೆಂಕಿ, ಲೂಟಿಯಲ್ಲಿ ಮುಗಿಯಿತು. ಚಿತ್ರವನ್ನು ಈಗ ನೋಡಿದ ಒಬ್ಬ ಓದುಗರು, ಅಬ್ಬರದ ಪಾಶ್ಚಾತ್ಯ ಸಂಗೀತ ಕೇಳಿದರೆ ಹೀಗೇ ಆಗುವುದು ಎಂದು ಬರೆದರು. ಇನ್ನೊಬ್ಬರು ಸಂಗೀತದ ತಪ್ಪಿಲ್ಲ, ಆ ಹುಡುಗರೇ ಸರಿಯಿಲ್ಲ ಎಂದರು. ಮೂರನೆಯವರಂತೂ 1969ರ ಮೊದಲ ವುಡ್‌ಸ್ಟಾಕ್ ಸಾಕ್ಷಾತ್ ಸ್ವರ್ಗವಾಗಿತ್ತು, ಎಲ್ಲ ಕೆಟ್ಟದ್ದು ಆಮೇಲೆ ಎಂದು ನಿಟ್ಟುಸಿರು ಬಿಟ್ಟರು. ಮೂವರಲ್ಲಿ ಒಬ್ಬರಾದರೂ ನೀರಿನ ಬಗ್ಗೆ, ಕಕ್ಕಸಿನ ಬಗ್ಗೆ ಒಂದು ಸಾಲು ಬರೆಯಲಿಲ್ಲ. ಅದಕ್ಕೇ ಈ ಪತ್ರ.

ನಾನು ಆರೋಗ್ಯ ಇಲಾಖೆಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ನಮ್ಮ ಕಡೆಯ ಜಾತ್ರೆ, ಉರುಸು, ತೇರು, ಸಮ್ಮೇಳನ ಎಲ್ಲದಕ್ಕೂ ಡ್ಯೂಟಿ ಮಾಡಿದ್ದೇನೆ. ಜಾತ್ರೆ ಬಂತೆಂದರೆ ನಮಗೆ ದೇವರಿಗಿಂತ ಮೊದಲು ಬಾವಿ ಕಾಣಬೇಕು. ಟ್ಯಾಂಕ್ ಎಷ್ಟು, ನಲ್ಲಿ ಎಷ್ಟು, ಶೌಚಾಲಯ ಯಾವ ದಿಕ್ಕಿಗೆ, ನೆಲದ ಇಳಿಜಾರು ಎತ್ತ ಕಡೆಗೆ. ಸಾವಿರ ಲೀಟರ್ ನೀರಿಗೆ ಎರಡೂವರೆ ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್ ಹಾಕಿ ಒಂದು ಗಂಟೆ ಬಿಡಬೇಕು. ಆಮೇಲೆ ಕೊನೆಯ ನಲ್ಲಿಗೆ ಹೋಗಿ ಕ್ಲೋರಿನ್ 0.5 ಪಿಪಿಎಂ, ಅಂದರೆ ಲೀಟರಿಗೆ ಅರ್ಧ ಮಿಲಿಗ್ರಾಂ, ಇದೆಯಾ ಎಂದು ನೋಡಬೇಕು. ಟ್ಯಾಂಕಿನ ಹತ್ತಿರ ನೋಡಿ ರಿಪೋರ್ಟ್ ಬರೆಯುವ ಸೋಮಾರಿಗಳೂ ಇದ್ದರು, ಆ ಮಾತು ಬೇರೆ. ಹೀಗೆ ಕೆಲಸ ಮಾಡಿ ಮಾಡಿ ಯಾವ ಜನಜಾತ್ರೆ ಕಂಡರೂ ನನ್ನ ಕಣ್ಣು ಮೊದಲು ವೇದಿಕೆಯ ಮೇಲೆ ಹೋಗುವುದಿಲ್ಲ. ಈ ಚಿತ್ರವನ್ನೂ ಹಾಗೇ ನೋಡಿದೆ. ಮೊಮ್ಮಗ ಪಕ್ಕದಲ್ಲಿ ಕೂತು ಯಾವ ತಂಡ ಯಾವುದು ಎಂದು ಹೇಳುತ್ತಿದ್ದ. ನಾನು ‘ಸ್ವಲ್ಪ ಹಿಂದಕ್ಕೆ ಹಾಕು, ಆ ಪೈಪ್ ತೋರಿಸು’ ಎನ್ನುತ್ತಿದ್ದೆ.

ಮೊದಲು ಜಾಗ ನೋಡಿ. ಉತ್ಸವ ನಡೆದದ್ದು ಗ್ರಿಫಿಸ್ ಎಂಬ ಹಳೆಯ ವಾಯುನೆಲೆಯಲ್ಲಿ. 1995ರಲ್ಲಿ ಮುಚ್ಚಿದ್ದ ನೆಲೆ. ಅಲ್ಲೇ ಯಾಕೆ? 1969ರಲ್ಲಿ ಬೇಲಿ ಸರಿಯಾಗಿ ನಿಲ್ಲಲೇ ಇಲ್ಲ, ಜನ ಪುಕ್ಕಟೆ ನುಗ್ಗಿದರು. 1994ರಲ್ಲಿ ಮತ್ತೆ ಮಾಡಿದಾಗಲೂ ಬೇಲಿ ದಾಟಿ ಬಂದರು. ಎರಡು ಸಲವೂ ಆಯೋಜಕರು ಅಂದುಕೊಂಡಷ್ಟು ಲಾಭ ಕಾಣಲಿಲ್ಲ. ಈ ಸಲ ಯಾರೂ ಟಿಕೆಟ್ ಇಲ್ಲದೆ ಒಳಗೆ ಬರಬಾರದು, ಅಷ್ಟೇ ಯೋಚನೆ. ಸೇನೆಯ ಜಾಗ, ಸುತ್ತ ಭದ್ರ ಬೇಲಿ. ಅದರ ಒಳಗೆ ಪ್ಲೈವುಡ್ಡಿನ ಎತ್ತರದ ಗೋಡೆ, ಅದರ ಮೇಲೆ ಶಾಂತಿಯ ಚಿತ್ರಗಳು. ದುಡ್ಡಿನ ದೃಷ್ಟಿಯಿಂದ ಬಹಳ ಚೆನ್ನಾಗಿದೆ ಅಲ್ವಾ?

ಆದರೆ ವಾಯುನೆಲೆ ಎಂದರೆ ರನ್‌ವೇ. ಕಾಂಕ್ರೀಟು, ಡಾಂಬರು. ನೆರಳಿಗೆ ಮರ ಕಡಿಮೆ. ಜುಲೈ ಬಿಸಿಲು ಸುಮಾರು 38 ಡಿಗ್ರಿ. ನಮ್ಮ ರಾಯಚೂರಿನವರು ಇದೇನು ಮಹಾ ಎಂದಾರು. ರಾಯಚೂರಿನವರು ಮಧ್ಯಾಹ್ನ ಎರಡು ಗಂಟೆಗೆ ಡಾಂಬರಿನ ಮೇಲೆ ಕುಣಿಯುವುದಿಲ್ಲ, ಒಳಗೆ ಮಲಗುತ್ತಾರೆ. ಇಲ್ಲಿ ಎರಡು ದೊಡ್ಡ ವೇದಿಕೆಗಳ ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ದೂರ. ಒಂದು ಹಾಡು ಕೇಳಿ ಇನ್ನೊಂದಕ್ಕೆ ಹೋಗಬೇಕೆಂದರೆ ಆ ಕಾದ ನೆಲದ ಮೇಲೆ ನಡೆಯಬೇಕು. ಬಂದವರು ಎರಡು ಲಕ್ಷಕ್ಕೂ ಹೆಚ್ಚು. ಇಂಥ ಜಾಗಕ್ಕೆ ಇನ್ಸ್‌ಪೆಕ್ಷನ್‌ಗೆ ನನ್ನನ್ನು ಕಳಿಸಿದ್ದರೆ, ಚಳಿಗಾಲದಲ್ಲಿ ಮಾಡಿ ಎಂದು ಬರೆದು ಸಹಿ ಹಾಕಿ ಬರುತ್ತಿದ್ದೆ.

ಈಗ ನೀರು. ಬಾಗಿಲಲ್ಲೇ ಚೀಲ ತಪಾಸಣೆ. ಹೊರಗಿನ ತಿಂಡಿ, ನೀರು ಒಳಗೆ ಬಿಡುವುದಿಲ್ಲ, ಕಿತ್ತುಕೊಳ್ಳುತ್ತಿದ್ದರು. ಒಳಗೆ ಬಾಟಲಿ ನೀರಿಗೆ 4 ಡಾಲರ್. ಆಗ ಡಾಲರಿಗೆ 43 ರೂಪಾಯಿಯ ಆಸುಪಾಸು. ಅಂದರೆ ಒಂದು ಸಣ್ಣ ಬಾಟಲಿಗೆ ನೂರೆಪ್ಪತ್ತು ರೂಪಾಯಿ, ಅದೂ 1999ರಲ್ಲಿ! ನೂರೈವತ್ತು ಡಾಲರ್ ಟಿಕೆಟ್ ಕೊಂಡು, ಬಸ್ಸು ಕಾರಿನ ಖರ್ಚು ಮಾಡಿ ಬಂದ ಕಾಲೇಜು ಹುಡುಗನ ಜೇಬಲ್ಲಿ ಎರಡನೇ ದಿನ ಎಷ್ಟು ಉಳಿದಿರುತ್ತದೆ? ಅಂಗಡಿಗಳ ಹಕ್ಕನ್ನು ಬೇರೆಯವರಿಗೆ ವಹಿಸಿಕೊಟ್ಟಿದ್ದೆವು, ಬೆಲೆ ನಮ್ಮ ಕೈಯಲ್ಲಿರಲಿಲ್ಲ ಎಂಬ ಸಮಜಾಯಿಷಿ ಚಿತ್ರದಲ್ಲಿದೆ. ಇದು ನನಗೆ ಬಹಳ ಪರಿಚಯದ ಮಾತು. ಜಾತ್ರೆ ಅಂಗಡಿ ಹರಾಜಿನಲ್ಲೂ ಇದೇ ಉತ್ತರ. ಹರಾಜು ಮಾಡುವವರು ನೀವೇ ತಾನೇ, ಷರತ್ತು ಬರೆಯುವ ಪೆನ್ನೂ ನಿಮ್ಮದೇ ತಾನೇ ಎಂದು ಕೇಳಿದರೆ ಮೇಜಿನ ಆ ಕಡೆ ಮಾತು ನಿಂತುಹೋಗುತ್ತಿತ್ತು.

ಪುಕ್ಕಟೆ ನೀರು ಇರಲೇ ಇಲ್ಲ ಎಂದಲ್ಲ. ನಲ್ಲಿಗಳಿದ್ದವು. ಆದರೆ ಮುಗಿಯದ ಸಾಲು. ಕಾದು ಕಾದು ಬೇಸತ್ತವರು ಪೈಪನ್ನೇ ಒಡೆದರು. ನೀರು ನೆಲದ ಮೇಲೆ ಹರಿಯಿತು. ಪಕ್ಕದಲ್ಲಿ ತಾತ್ಕಾಲಿಕ ಶೌಚಾಲಯಗಳು, ಅವು ಆಗಲೇ ತುಂಬಿ ಚೆಲ್ಲುತ್ತಿದ್ದವು. ಎರಡೂ ಸೇರಿದವು. ಜನ ಅದನ್ನು ಕೆಸರು ಎಂದುಕೊಂಡು ಅದರಲ್ಲೇ ಉರುಳಾಡಿದರು, 1969ರ ಮಳೆಯ ಕೆಸರಿನ ಫೋಟೋಗಳನ್ನು ಎಲ್ಲರೂ ನೋಡಿದ್ದರಲ್ಲ! ಆ ದೃಶ್ಯ ಬಂದಾಗ ಮೊಮ್ಮಗ ನಕ್ಕ. ಪತ್ರ ಬರೆದ ಓದುಗರೊಬ್ಬರು ಅದನ್ನೇ ಹಿಡಿದು ‘ಹಂದಿಗಳ ಹಾಗೆ’ ಎಂದು ಬರೆದಿದ್ದಾರೆ. ನನಗೆ ಹೊಟ್ಟೆ ಹಿಂಡಿತು. ಆ ಮಕ್ಕಳಿಗೆ ಅದೇನು ಎಂದು ಹೇಳುವವರು ಯಾರೂ ಇರಲಿಲ್ಲ. ಒಂದು ಹಗ್ಗ ಕಟ್ಟಿ, ಒಬ್ಬ ಮನುಷ್ಯನನ್ನು ನಿಲ್ಲಿಸಿದ್ದರೆ ಸಾಕಿತ್ತು.

ಕುಡಿಯುವ ನೀರನ್ನು ಪರೀಕ್ಷೆಗೆ ಕಳಿಸಿದರೆ ಮಲದ ಅಂಶ ಸಿಕ್ಕಿತು. ಬಾಯಿ ತುಂಬಾ ಹುಣ್ಣಾಗಿ ನರಳಿದವರ ಮಾತೂ ಚಿತ್ರದಲ್ಲಿದೆ. ನಮ್ಮಲ್ಲಿ ಎಚ್‌ಟುಎಸ್ ಬಾಟಲಿ ಎಂದು ಇರುತ್ತದೆ. ಅದಕ್ಕೆ ನೀರು ತುಂಬಿ ಒಂದೆರಡು ದಿನ ಇಟ್ಟರೆ, ನೀರು ಕೆಟ್ಟಿದ್ದರೆ ಕಪ್ಪಗಾಗುತ್ತದೆ. ಅಗ್ಗದ ಬಾಟಲಿ, ಓದು ಬರಹ ಬಾರದವರಿಗೂ ಅರ್ಥವಾಗುವ ಪರೀಕ್ಷೆ. ಆದರೆ ಯಾವ ಪರೀಕ್ಷೆಯೂ ಜಾತ್ರೆಗೆ ಮೊದಲು ಮಾಡಿದರೆ ಮಾತ್ರ ಉಪಯೋಗ. ಜನ ಕುಡಿದ ಮೇಲೆ ಬಂದ ರಿಪೋರ್ಟ್ ಫೈಲಿಗೆ ಹೋಗುತ್ತದೆ, ಅಷ್ಟೇ.

ಕಸದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೊದಲ ದಿನದ ಕಸವೇ ಎತ್ತಲಿಲ್ಲ, ಮೂರನೇ ದಿನಕ್ಕೆ ಏನಾಗಿರುತ್ತದೆ ನೀವೇ ಊಹಿಸಿ.

24 ವರ್ಷದ ಒಬ್ಬ ಯುವಕ ಶನಿವಾರ ಜನರ ನಡುವೆ ಕುಸಿದು ಬಿದ್ದ. ಮೈಶಾಖ ವಿಪರೀತ ಏರಿತ್ತು. ಸೋಮವಾರ ಆಸ್ಪತ್ರೆಯಲ್ಲಿ ತೀರಿಕೊಂಡ. ಉತ್ಸವಕ್ಕೆ ಸಂಬಂಧಿಸಿ ಒಟ್ಟು ಮೂವರು ಸತ್ತರು. ನಮ್ಮ ಓದುಗರ ಪತ್ರಗಳಲ್ಲಿ ಬೆಂಕಿ ಇದೆ, ಲೂಟಿ ಇದೆ, ಬೆತ್ತಲೆ ಇದೆ. ಈ ಹುಡುಗ ಇಲ್ಲ. ಬಿಸಿಲಿಗೆ ಸತ್ತವನ ಸುದ್ದಿಯಲ್ಲಿ ಹೊಗೆಯೂ ಇಲ್ಲ, ಜ್ವಾಲೆಯೂ ಇಲ್ಲ.

ಸಂಗೀತದ ಮೇಲಿನ ಆರೋಪಕ್ಕೆ ಬರುತ್ತೇನೆ. ಆ ಹಾಡುಗಳು ನನಗೆ ತಲೆನೋವು, ಸುಳ್ಳು ಹೇಳುವುದಿಲ್ಲ. ನನಗೆ ಕಾಳಿಂಗರಾಯರು ಸಾಕು. ಆದರೆ ದಿನಗಳ ಲೆಕ್ಕ ಹಾಕಿ ನೋಡಿ. ಶುಕ್ರವಾರ ಉತ್ಸವ ಶುರು ಮಾಡಿದವರು ಜೇಮ್ಸ್ ಬ್ರೌನ್, ಹಳೆಯ ತಲೆಮಾರಿನ ಗಾಯಕರು. ಅದೇ ರಾತ್ರಿ ಕಾರ್ನ್ ಎಂಬ ತಂಡ ಹಾಡಿತು. ಅದು ಅಬ್ಬರವೆಂದರೆ ಅಬ್ಬರ, ಇಡೀ ಬಯಲು ಒಂದೇ ಅಲೆಯಾಗಿ ಕುಪ್ಪಳಿಸುತ್ತದೆ. ಆದರೂ ಅವತ್ತು ಬೆಂಕಿ ಬೀಳಲಿಲ್ಲ. ಶನಿವಾರ ಲಿಂಪ್ ಬಿಝ್ಕಿಟ್ ತಂಡ ಎಲ್ಲವನ್ನೂ ಒಡೆದುಹಾಕಬೇಕೆನ್ನುವ ಹಾಡು ಹಾಡಿತು. ಜನ ಪ್ಲೈವುಡ್ ಕಿತ್ತು ಅದರ ಮೇಲೆ ನಿಂತು ಜನರ ತಲೆಗಳ ಮೇಲೆ ತೇಲಿದರು. ಹಾಡಿದವನು ಅವತ್ತು ಜವಾಬ್ದಾರಿಯಿಂದ ನಡೆದುಕೊಂಡ ಎಂದು ನಾನೂ ಹೇಳುವುದಿಲ್ಲ. ಆಯೋಜಕರಲ್ಲೊಬ್ಬರಾದ ಜಾನ್ ಶೇರ್ ಚಿತ್ರದಲ್ಲಿ ಬೆರಳು ತೋರಿಸುವುದೂ ಅವನ ಕಡೆಗೇ. ಆದರೆ ಊರಿಗೆ ಊರೇ ಉರಿದಂತೆ ಕಂಡದ್ದು ಭಾನುವಾರ ರಾತ್ರಿ, ರೆಡ್ ಹಾಟ್ ಚಿಲಿ ಪೆಪ್ಪರ್ಸ್ ಹಾಡುವಾಗ. ಅವರ ಸಂಗೀತ ಹಿಂದಿನ ಎರಡು ರಾತ್ರಿಗಿಂತ ಮೆತ್ತಗಿತ್ತು ಎಂದು ಮೊಮ್ಮಗನೇ ಹೇಳಿದ. ಹಾಡಿನಿಂದ ಬೆಂಕಿ ಹತ್ತುವುದಾದರೆ ಶುಕ್ರವಾರವೇ ಹತ್ತಬೇಕಿತ್ತು. ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ ಬದಲಾದದ್ದು ಏನು? ನಿದ್ದೆ ಇಲ್ಲ, ನೆರಳಿಲ್ಲ, ನೀರಿಲ್ಲ, ಕಾಲಿಡಲು ಜಾಗವಿಲ್ಲ, ಜೇಬಲ್ಲಿ ದುಡ್ಡಿಲ್ಲ.

ಇನ್ನು ಬೆಂಕಿಗೆ ಕಡ್ಡಿ ಎಲ್ಲಿಂದ ಬಂತು ಗೊತ್ತಾ? ಬಂದೂಕು ಹಿಂಸೆಯ ವಿರುದ್ಧ ಕೆಲಸ ಮಾಡುವ ಒಂದು ಸಂಸ್ಥೆ ಆ ರಾತ್ರಿ ಜನರಿಗೆ ಮೇಣದಬತ್ತಿ ಹಂಚಿತು. ಒಂದು ಹಾಡಿನ ಹೊತ್ತಿಗೆ ಎಲ್ಲರೂ ಹಚ್ಚಿ ಹಿಡಿಯಲಿ ಎಂದು. ಉದ್ದೇಶ ಒಳ್ಳೆಯದೇ. ಆದರೆ ಮೂರು ದಿನ ಬೆಂದ ಜನ, ಮೊಣಕಾಲುದ್ದ ಪ್ಲಾಸ್ಟಿಕ್ ಕಸ, ಸುತ್ತ ಒಣಗಿದ ಪ್ಲೈವುಡ್. ಅವರ ಕೈಗೆ ಮೇಣದಬತ್ತಿ! ತೇರಿನ ದಿನ ಹುಲ್ಲಿನ ಬಣವೆ ಪಕ್ಕ ಪಟಾಕಿ ಅಂಗಡಿಗೆ ಪರವಾನಗಿ ಕೊಟ್ಟ ಹಾಗೆ. ಅದರ ಮೇಲೆ ಚಿಲಿ ಪೆಪ್ಪರ್ಸ್ ತಂಡ, 1969ರ ಉತ್ಸವದಲ್ಲಿ ಗಿಟಾರ್ ನುಡಿಸಿದ್ದ ಜಿಮಿ ಹೆಂಡ್ರಿಕ್ಸ್ ನೆನಪಿಗೆಂದು, ಅವರ ಮನೆಯವರ ಕೋರಿಕೆಯ ಮೇಲೆ, ಅವರ ಒಂದು ಹಳೆಯ ಹಾಡು ಹಾಡಿತು. ಆ ಹಾಡಿನ ಹೆಸರೇ ಬೆಂಕಿ. ಕೊನೆಗೆ ದೊಡ್ಡ ಗಾಯಕರೊಬ್ಬರು ಬರುತ್ತಾರೆ ಎಂಬ ಗುಲ್ಲು ಬೇರೆ ಇತ್ತು. ಯಾರೂ ಬರಲಿಲ್ಲ. ಶಾಂತಿಯ ಚಿತ್ರ ಬರೆದಿದ್ದ ಗೋಡೆಯನ್ನೇ ಕಿತ್ತು ಉರಿಗೆ ಹಾಕಿದರು. ಎಟಿಎಂ ಒಡೆದರು, ಅಂಗಡಿ ದೋಚಿದರು, ಟ್ರೇಲರ್‌ಗಳು ಸುಟ್ಟವು. ರಾತ್ರಿ ರಾಜ್ಯ ಪೊಲೀಸರು ಬಂದರು.

ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸಿದ್ದು ಪತ್ರಿಕಾಗೋಷ್ಠಿಗಳು. ಹೊರಗೆ ಶೌಚಾಲಯ ಉಕ್ಕುತ್ತಿದೆ, ಒಳಗೆ ಆಯೋಜಕರು ಮೈಕಿನ ಮುಂದೆ ಕೂತು ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದಾರೆ. 1969ರ ಉತ್ಸವ ಕಟ್ಟಿದ ಮೈಕೆಲ್ ಲ್ಯಾಂಗ್ ಕೂಡ ಅಲ್ಲೇ, ಮೆಲುನಗೆಯೊಂದಿಗೆ. ‘ಪರಿಸ್ಥಿತಿ ಹತೋಟಿಯಲ್ಲಿದೆ’ ಎಂಬ ವಾಕ್ಯ ನಾನೂ ಸರ್ವಿಸಿನಲ್ಲಿ ಬಹಳ ಕೇಳಿದ್ದೇನೆ. ವಾಂತಿಭೇದಿ ವಾರ್ಡಿನಲ್ಲಿ ಹಾಸಿಗೆ ಸಾಲದೆ ಜನ ನೆಲದ ಮೇಲೆ ಮಲಗಿದ್ದಾಗಲೇ ಜಾಸ್ತಿ ಕೇಳುವುದು ಅದು.

ಹೆಣ್ಣುಮಕ್ಕಳ ವಿಷಯಕ್ಕೆ ಮಾತ್ರ ನನ್ನ ನೀರು, ಬಿಸಿಲಿನ ಲೆಕ್ಕ ಸಾಲದು. ಅತ್ಯಾಚಾರದ ದೂರುಗಳು ಪೊಲೀಸರಿಗೆ ಬಂದವು. ಜನರ ತಲೆಗಳ ಮೇಲೆ ತೇಲಿ ಬಂದ ಹುಡುಗಿಯರ ಮೈಗೆ ಕೈ ಹಾಕುವುದು ಕ್ಯಾಮೆರಾದಲ್ಲೇ ಕಾಣುತ್ತದೆ. ಇದಕ್ಕೆ ಬಾಯಾರಿಕೆ ಕಾರಣವಲ್ಲ. ಬಾಯಾರಿದವನು ಪೈಪ್ ಒಡೆದರೆ ಅರ್ಥವಾಗುತ್ತದೆ, ಇದು ಅರ್ಥವಾಗುವಂಥದ್ದಲ್ಲ. ಅರೆಬಟ್ಟೆಯಲ್ಲಿ ಓಡಾಡಿದ ಹೆಣ್ಣುಮಕ್ಕಳದ್ದೂ ಸ್ವಲ್ಪ ತಪ್ಪಿದೆ ಎನ್ನುವ ಅರ್ಥ ಬರುವಂತೆ ಶೇರ್ ಇದೇ ಉತ್ಸವದ ಬಗ್ಗೆ 2021ರಲ್ಲಿ ಬಂದ ಇನ್ನೊಂದು ಸಾಕ್ಷ್ಯಚಿತ್ರದಲ್ಲಿ ಮಾತಾಡಿದ್ದನ್ನು ಕೇಳಿ ಅಲ್ಲಿನ ನೋಡುಗರು ಕೆರಳಿದರು. ನಮ್ಮ ಒಬ್ಬ ಓದುಗರು ಅದನ್ನೇ ಶುದ್ಧ ಕನ್ನಡದಲ್ಲಿ ಬರೆದಿದ್ದಾರೆ. ಸ್ವಾಮಿ, ತಲೆ ತುಂಬಾ ಸೆರಗು ಹೊದ್ದು ಬಂದ ಹೆಂಗಸರಿಗೂ ತೇರಿನ ನೂಕುನುಗ್ಗಲಿನಲ್ಲಿ ಏನಾಗುತ್ತದೆ ಎಂದು ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಒಮ್ಮೆ ಕೇಳಿ ನೋಡಿ. ಉತ್ಸವದ ಕಾವಲಿಗೆ ಇದ್ದವರು ‘ಪೀಸ್ ಪ್ಯಾಟ್ರೋಲ್’ (ಶಾಂತಿ ಪಹರೆ) ಎಂಬ ಟಿ-ಶರ್ಟು ಹಾಕಿದ ಹುಡುಗರು, ಹೆಸರಿಗಷ್ಟೇ ತರಬೇತಿ. ಕಾವಲಿನ ಖರ್ಚು ಉಳಿಸಿದವರು ಬಟ್ಟೆಯ ಉದ್ದ ಅಳೆಯುವುದು ಯಾವ ನ್ಯಾಯ? ಚಿತ್ರ ಮಾಡಿದವರ ಮೇಲೂ ನನಗೊಂದು ತಕರಾರು ಇದೆ. ಇದನ್ನೆಲ್ಲ ಖಂಡಿಸುತ್ತಲೇ ಅವರ ಕ್ಯಾಮೆರಾ ಅದೇ ಹುಡುಗಿಯರ ಮೈಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನಿಲ್ಲುತ್ತದೆ.

ಇನ್ನು 1969. ಅದು ಸ್ವರ್ಗ ಎಂದ ಓದುಗರಿಗೆ ಒಂದೆರಡು ಮಾತು. ಅಲ್ಲೂ ಅವ್ಯವಸ್ಥೆಯೇ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ, ರಸ್ತೆ ಬಂದ್, ಊಟ ಖಾಲಿ, ಮಳೆ. ಮಲಗಿದ್ದ ಹುಡುಗನೊಬ್ಬನ ಮೇಲೆ ಟ್ರ್ಯಾಕ್ಟರ್ ಹರಿದು ಸತ್ತ. ನಮ್ಮ ರವಿಶಂಕರ್ ಮೊದಲ ರಾತ್ರಿ ಮಳೆಯಲ್ಲೇ ಸಿತಾರ್ ನುಡಿಸಿದರು, ಪಕ್ಕದಲ್ಲಿ ಅಲ್ಲಾರಖಾ ತಬಲಾ. ಹಾಗಿದ್ದೂ ಅಲ್ಲಿ 1999ರಂತೆ ಇಡೀ ಬಯಲು ಹೊತ್ತಿ ಉರಿಯಲಿಲ್ಲ. ಯಾಕೆ? ಆ ಪೀಳಿಗೆ ದೇವತೆಗಳದ್ದು ಎಂದು ನಾನು ನಂಬುವುದಿಲ್ಲ. ಆ ಜಮೀನಿನ ಒಡೆಯ ಮ್ಯಾಕ್ಸ್ ಯಾಸ್ಗರ್ ಹಾಲಿನ ಡೈರಿ ನಡೆಸುತ್ತಿದ್ದ ರೈತ. ಅಕ್ಕಪಕ್ಕದ ಕೆಲವರು ದಾರಿಹೋಕರಿಗೆ ನೀರು ಮಾರುತ್ತಿದ್ದಾರೆ ಎಂದು ಗೊತ್ತಾದಾಗ ಆತ ಸಿಟ್ಟಿನಿಂದ ಮೇಜು ಗುದ್ದಿದನಂತೆ, ನೀರಿಗೂ ದುಡ್ಡು ಕೇಳುತ್ತಾರಾ ಎಂದು. ಆಮೇಲೆ ತನ್ನ ಕೊಟ್ಟಿಗೆಯ ಮೇಲೆ ‘ಇಲ್ಲಿ ನೀರು ಪುಕ್ಕಟೆ’ ಎಂದು ದೊಡ್ಡ ಬೋರ್ಡ್ ಹಾಕಿದ. ನಮ್ಮ ಊರುಗಳಲ್ಲಿ ಬೇಸಿಗೆಗೆ ಅರವಟ್ಟಿಗೆ ಇಡುವವರು ಮಾಡುವುದೂ ಇದೇ. ಊರವರು ಮನೆಯಿಂದ ಊಟ ಕಳಿಸಿದರು. ಹಾಗ್ ಫಾರ್ಮ್ ಎಂಬ ಗುಂಪಿನವರು ಸಾಲಾಗಿ ನಿಂತು ಬಡಿಸಿದರು. ಆ ಉತ್ಸವದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಕೂಡ ಬಂತು. ಅದರಲ್ಲಿ ಎಲ್ಲರಿಗೂ ಗಿಟಾರ್ ನೆನಪಿದ್ದರೆ ನನಗೆ ನೆನಪಿರುವುದು ಒಬ್ಬ ಶೌಚಾಲಯ ತೊಳೆಯುವ ಮನುಷ್ಯ. ತೊಳೆಯುತ್ತಲೇ ಹೇಳುತ್ತಾನೆ, ನನ್ನ ಒಬ್ಬ ಮಗ ಈ ಉತ್ಸವದಲ್ಲೇ ಇದ್ದಾನೆ, ಇನ್ನೊಬ್ಬ ವಿಯೆಟ್ನಾಂನಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದಾನೆ ಎಂದು. ಅವನ ಮುಖದಲ್ಲಿ ಬೇಸರವೇ ಇಲ್ಲ. 1999ರಲ್ಲಿ ಅಂಥ ಮನುಷ್ಯರನ್ನು ಸಾಕಷ್ಟು ಸಂಖ್ಯೆಯಲ್ಲಿ, ಸರಿಯಾದ ಸಂಬಳ ಕೊಟ್ಟು ಇಟ್ಟುಕೊಂಡಿದ್ದರೆ ಈ ಸಾಕ್ಷ್ಯಚಿತ್ರಕ್ಕೆ ಮೂರು ಕಂತು ತುಂಬುವಷ್ಟು ಸರಕೇ ಇರುತ್ತಿರಲಿಲ್ಲ.

ಕೊನೆಯ ಕಂತಿನಲ್ಲಿ, ಅಲ್ಲಿಗೆ ಹೋಗಿಬಂದವರಲ್ಲಿ ಕೆಲವರು ಅದೊಂದು ಮರೆಯಲಾಗದ ಮಜಾ ಎಂದು ನಗುತ್ತಾರೆ. ನೋಡಿದ ಬಹಳ ಜನರಿಗೆ ಇದು ಅಸಹ್ಯ ಎನಿಸಿದೆ. ನನಗೆ ಆಶ್ಚರ್ಯ ಆಗಲಿಲ್ಲ. ಇಪ್ಪತ್ತರ ವಯಸ್ಸು, ಮೂರು ಹಗಲು ಮೂರು ರಾತ್ರಿ ಗೆಳೆಯರ ಜೊತೆ. ಜಾತ್ರೆಯಲ್ಲಿ ಕಾಲರಾ ಬಿದ್ದ ವರ್ಷದ್ದನ್ನೂ ನಗುನಗುತ್ತಾ ಹೇಳುವ ಮುದುಕರನ್ನು ನಾನು ಕಂಡಿದ್ದೇನೆ. ಬದುಕಿ ಬಂದವರು ನಗುತ್ತಾರೆ. ಅದನ್ನು ಕೇಳಿ ವ್ಯವಸ್ಥೆಗೆ ಮಾರ್ಕ್ಸ್ ಹಾಕಬಾರದು, ಅಷ್ಟೇ.

ದೂರದ ದೇಶದ ಹಳೆಯ ಕಥೆಗೆ ಇಷ್ಟು ಉದ್ದ ಪತ್ರ ಯಾಕೆ ಎಂದು ನೀವು ಕೇಳಬಹುದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವತ್ತು ಸಂಜೆಯೇ ಫೋನಿಗೆ ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ‘ಈ ಹುಚ್ಚು ಅಭಿಮಾನಿಗಳಿಗೆ ಬುದ್ಧಿ ಇಲ್ಲ’ ಎನ್ನುವವೇ. ಗೇಟು ಎಷ್ಟು ಅಗಲ ಇತ್ತು, ಎಷ್ಟು ಹೊತ್ತಿಗೆ ತೆರೆದರು ಎಂದು ಕೇಳಿದ ಮೆಸೇಜು ನನಗೆ ಬಂದದ್ದು ಆಮೇಲೆ. ರೋಮ್ ಊರಿನ ಬಗ್ಗೆ ನಿಮ್ಮ ಪುಟದಲ್ಲಿ ನಡೆದ ಜಗಳವೂ ಅದೇ ದಾರಿ ಹಿಡಿದಿದೆ.

ನಿಮ್ಮಲ್ಲಿ ಒಂದು ಕೋರಿಕೆ. ದೊಡ್ಡ ಸಂಗೀತ ಕಾರ್ಯಕ್ರಮದ ಸುದ್ದಿ ಹಾಕುವಾಗ ಯಾರು ಹಾಡುತ್ತಾರೆ, ಟಿಕೆಟ್ ಎಷ್ಟು ಎಂದು ಬರೆಯುತ್ತೀರಿ. ಜೊತೆಗೆ ಇನ್ನೊಂದೆರಡು ಸಾಲು ಸೇರಿಸಿ. ಎಷ್ಟು ಜನರಿಗೆ ಅನುಮತಿ, ಕುಡಿಯುವ ನೀರಿನ ನಲ್ಲಿ ಎಷ್ಟು, ಹೆಂಗಸರ ಶೌಚಾಲಯ ಎಷ್ಟು, ಅಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ. ಹೆಂಗಸರದ್ದು ಪ್ರತ್ಯೇಕವಾಗಿ ಕೇಳಿ. ಶೌಚಾಲಯ ಇಲ್ಲವೆಂದು ಗೊತ್ತಾದರೆ ಅವರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಬಿಸಿಲಿಗೆ ಮೊದಲು ಬೀಳುವವರೂ ಅವರೇ. ಉತ್ತರ ಸಿಗದಿದ್ದರೆ ಉತ್ತರ ಸಿಗಲಿಲ್ಲ ಎಂದೇ ಅಚ್ಚು ಹಾಕಿ.

ಮೊಮ್ಮಗ ಮುಂದಿನ ತಿಂಗಳು ಬೆಂಗಳೂರಿನಲ್ಲಿ ಯಾವುದೋ ಶೋಗೆ ಹೋಗುತ್ತಿದ್ದಾನೆ. ಟಿಕೆಟ್ಟಿನ ನಿಯಮಗಳನ್ನು ಪೂರ್ತಿ ಓದು ಎಂದೆ. ಫೋನಿನಲ್ಲಿ ಓದಿದ. ಹೊರಗಿನ ಆಹಾರ, ನೀರು ತರುವಂತಿಲ್ಲ ಎಂದು ಇದೆ. ಒಳಗೆ ಪುಕ್ಕಟೆ ನೀರು ಎಲ್ಲಿ ಸಿಗುತ್ತದೆ ಎಂದು ಇಲ್ಲ. ಆಯೋಜಕರಿಗೆ ಮೇಲ್ ಹಾಕಿ ಕೇಳಿದ್ದಾನೆ. ಈ ಪತ್ರ ಬರೆಯುವವರೆಗೆ ಉತ್ತರ ಬಂದಿಲ್ಲ.

— ನಿವೃತ್ತ ಹೆಲ್ತ್ ಇನ್ಸ್‌ಪೆಕ್ಟರ್, ಹಾವೇರಿ